ಒಂದು ಮೇಷ್ಟ್ರ ಕೆಲಸಕ್ಕೆ 87 ಅರ್ಜಿ

ಮಾರ್ಚ್ 16, 2025
ಭಾನುವಾರ ಸಂಜೆ

ಪ್ರೀತಿಯ ಅಪ್ಪಯ್ಯನಿಗೆ, ಅಮ್ಮನಿಗೆ ನಮಸ್ಕಾರ.

ನಾವಿಬ್ಬರೂ ಚೆನ್ನಾಗಿದ್ದೇವೆ. ನಿಮ್ಮ ಅಳಿಯನಿಗೆ ಸ್ವಲ್ಪ ನೆಗಡಿ, ಅಷ್ಟೇ. ಮನೆ ಮುಂದಿನ ಹಿಮ ಅರ್ಧ ಕರಗಿ ಕೆಸರಾಗಿದೆ. ಅಮ್ಮ, ನೀನು ಕಳಿಸಿದ ಅಪ್ಪೆಮಿಡಿ ಇನ್ನೂ ಅರ್ಧ ಡಬ್ಬಿ ಉಳಿದಿದೆ. ಯುಗಾದಿವರೆಗೆ ಬರುತ್ತದೆ, ಯೋಚನೆ ಮಾಡಬೇಡ.

ಅಪ್ಪಯ್ಯ, ಹೋದ ವಾರ ಫೋನಿನಲ್ಲಿ ನೀವು ಕೇಳಿದಿರಿ, "ಒಬ್ಬ ಮೇಷ್ಟ್ರನ್ನ ತಗೊಳ್ಳೋಕೆ ಏಳು ತಿಂಗಳು ಬೇಕಾ?" ಅಂತ. ಆಗ ಸುಮ್ನೆ ನಕ್ಕುಬಿಟ್ಟೆ. ಅದು ಫೋನಿನಲ್ಲಿ ಹೇಳಿ ಮುಗಿಸುವ ಕಥೆಯಲ್ಲ. ಈಗ ಕೂತು ಬರೆಯುತ್ತಿದ್ದೇನೆ. ಒಂದೇ ಮಾತು, ಓದಿ ಪೇಟೆಯಲ್ಲಿ ಹೇಳಬೇಡಿ. ಅರ್ಜಿ ಹಾಕಿದವರ ಹೆಸರು, ಊರು ನಾವು ಯಾರಿಗೂ ಹೇಳುವ ಹಾಗಿಲ್ಲ. ಹಾಗಾಗಿ ನಿಮಗೂ ಹೇಳುತ್ತಿಲ್ಲ.

ಇಲ್ಲಿ ಅಮೆರಿಕದ ನಮ್ಮ ಯೂನಿವರ್ಸಿಟಿಯ ಎಪಿಡೆಮಿಯಾಲಜಿ (ರೋಗ ಹೇಗೆ ಹರಡುತ್ತದೆ ಅಂತ ಓದುವ ಶಾಸ್ತ್ರ) ವಿಭಾಗದಲ್ಲಿ ಒಂದು ಅಸಿಸ್ಟೆಂಟ್ ಪ್ರೊಫೆಸರ್ ಜಾಗ ಖಾಲಿ ಇತ್ತು. ಆಗಸ್ಟಿನಲ್ಲಿ ಜಾಹೀರಾತು ಹೋಯಿತು. ಆರಿಸಲು ಐದು ಜನರ ಕಮಿಟಿ. ಎಲ್ಲರಿಗಿಂತ ಕಿರಿಯಳು ನಾನು, ಆದ್ದರಿಂದ ಎಕ್ಸೆಲ್ ಶೀಟು ತುಂಬುವ ಕೆಲಸವೂ ನನಗೇ ಬಂತು. ಬಂದ ಅರ್ಜಿ 87. ಒಂದೊಂದರಲ್ಲೂ ಇಲ್ಲಿಯವರೆಗೆ ಬರೆದ ಸಂಶೋಧನಾ ಪೇಪರುಗಳ ಪಟ್ಟಿ, ಮುಂದೆ ಏನು ಸಂಶೋಧನೆ ಮಾಡುತ್ತೇನೆ ಎಂಬ ಬರಹ, ಹೇಗೆ ಪಾಠ ಮಾಡುತ್ತೇನೆ ಎಂಬ ಬರಹ, ಶಿಫಾರಸು ಕೊಡುವ ಮೂವರ ಹೆಸರು. ನವೆಂಬರ್ ಪೂರ್ತಿ ರಾತ್ರಿ ಊಟ ಆದಮೇಲೆ ಇದನ್ನೇ ಓದಿದೆ. 87ರಲ್ಲಿ 10 ಜನರನ್ನು ಝೂಮ್‌ನಲ್ಲಿ ಮಾತಾಡಿಸಿದೆವು. ಅದರಲ್ಲಿ ಮೂವರನ್ನು ಇಲ್ಲಿಗೇ ಕರೆಸಿದೆವು.

ಕರೆಸುವುದು ಅಂದರೆ ಸುಮಾರಾಗಿ ಹೆಣ್ಣು ನೋಡುವ ಶಾಸ್ತ್ರವೇ. ಎರಡು ದಿನ. ಬೆಳಗ್ಗೆ ಎಂಟರಿಂದ ಅರ್ಧ ಅರ್ಧ ಗಂಟೆಗೆ ಒಬ್ಬೊಬ್ಬರ ಜೊತೆ ಮಾತು. ಮಧ್ಯೆ ಒಂದು ಗಂಟೆಯ ಭಾಷಣ, ಅದಕ್ಕೆ ಜಾಬ್ ಟಾಕ್ ಅನ್ನುತ್ತಾರೆ. ವಿದ್ಯಾರ್ಥಿಗಳ ಜೊತೆ ಊಟ, ಡೀನ್ ಜೊತೆ ಕಾಫಿ, ರಾತ್ರಿ ನಮ್ಮ ಜೊತೆ ಹೋಟೆಲ್. ಅಲ್ಲೂ ಕೈಯಲ್ಲಿ ಚಮಚ ಇರುತ್ತದೆ ಅಷ್ಟೇ, ಪರೀಕ್ಷೆ ನಡೆಯುತ್ತಲೇ ಇರುತ್ತದೆ.

ಆದರೆ ಹೆಣ್ಣು ನೋಡುವಾಗ ಕೇಳುವ ಒಂದು ಪ್ರಶ್ನೆಯನ್ನೂ ಇಲ್ಲಿ ಕೇಳುವ ಹಾಗಿಲ್ಲ. ಮದುವೆ ಆಗಿದೆಯಾ, ಮಕ್ಕಳೆಷ್ಟು, ಯಾವ ಧರ್ಮ, ಮೂಲ ಯಾವ ದೇಶ, ವಯಸ್ಸೆಷ್ಟು, ಯಾವುದೂ ಇಲ್ಲ. ಕಮಿಟಿಗೆ ಸೇರುವ ಮೊದಲೇ ಎಚ್‌ಆರ್‌ನವರು ಕೂರಿಸಿಕೊಂಡು ಇದನ್ನು ಹೇಳಿಕೊಟ್ಟರು. ಅಮ್ಮ, ನೀನಾಗಿದ್ದರೆ ಮೊದಲನೇ ನಿಮಿಷಕ್ಕೇ ಕೆಲಸ ಕಳೆದುಕೊಳ್ಳುತ್ತಿದ್ದೆ! ಎಳೆ ಕೂಸಿನ ತಾಯಿ ಇಂಟರ್‌ವ್ಯೂಗೆ ಬಂದರೆ ಏನು ಮಾಡುವುದು? ಅದಕ್ಕೂ ಉಪಾಯ ಇದೆ. ಬಂದ ಎಲ್ಲರಿಗೂ, ಗಂಡಸರಿಗೂ, ದಿನಕ್ಕೆ ಎರಡು ಸಲ ಅರ್ಧ ಗಂಟೆ ಬಿಡುವು, ಒಂದು ರೂಮಿನ ಕೀ. ಯಾರು ಯಾಕೆ ಬಾಗಿಲು ಹಾಕಿಕೊಂಡರು ಅಂತ ಯಾರೂ ಕೇಳುವುದಿಲ್ಲ. ಈ ಒಂದು ವಿಷಯದಲ್ಲಿ ಇವರನ್ನು ಮೆಚ್ಚಬೇಕು.

ಮೂವರಲ್ಲಿ ಮೂರನೆಯವರಾಗಿ ಬಂದ ಹೆಂಗಸಿನ ಬಗ್ಗೆಯೇ ನಾನು ಹೇಳಬೇಕಿರುವುದು. ಪಿಎಚ್‌ಡಿಗೆ ಮೊದಲು ಆಕೆ ಏಳು ವರ್ಷ ಒಂದು ಕೌಂಟಿಯ (ನಮ್ಮ ಜಿಲ್ಲೆಯ ಹಾಗೆ) ಆರೋಗ್ಯ ಇಲಾಖೆಯಲ್ಲಿ ಕೆಲಸ ಮಾಡಿದ್ದರು. ಅಂದರೆ ನಿಮ್ಮ ಹಾಗೆ, ಅಪ್ಪಯ್ಯ. ಮನೆ ಮನೆಗೆ ಹೋಗಿ ಯಾರಿಗೆ ಜ್ವರ, ಯಾವತ್ತಿನಿಂದ, ಕಾಡಿಗೆ ಹೋಗಿದ್ದರಾ ಅಂತ ಕೇಳಿ ಬರೆದುಕೊಳ್ಳುವ ಕೆಲಸ. ಆ ಏಳು ವರ್ಷದಲ್ಲಿ ಪೇಪರ್ ಒಂದೂ ಇಲ್ಲ. ಮೊದಲ ಸುತ್ತಿನಲ್ಲೇ ಕಮಿಟಿಯ ಹಿರಿಯರೊಬ್ಬರು "ಇಲ್ಲಿ ದೊಡ್ಡ ಗ್ಯಾಪ್ ಇದೆ" ಅಂದರು. ಗ್ಯಾಪ್ ಅಂತೆ! ನನಗೆ ರೇಗಿತು. ನೀವು ಮೂವತ್ತು ವರ್ಷ ಸೈಕಲ್ಲಿನಲ್ಲೂ ಲೂನಾದಲ್ಲೂ ತಿರುಗಿದ್ದು ಇವರ ಲೆಕ್ಕದಲ್ಲಿ ಮೂವತ್ತು ವರ್ಷದ ಗ್ಯಾಪ್ ಅಲ್ವಾ?

ನಾನು ವೇಡ್ ಹ್ಯಾಂಪ್ಟನ್ ಫ್ರಾಸ್ಟ್ ಹೆಸರು ತೆಗೆದೆ. 1916ರಲ್ಲಿ ರಾಕ್‌ಫೆಲರ್ ಫೌಂಡೇಶನ್ನಿನ ದುಡ್ಡಿನಿಂದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಸಾರ್ವಜನಿಕ ಆರೋಗ್ಯದ ಶಾಲೆ ಶುರುವಾಯಿತು. ಅಲ್ಲಿ ಎಪಿಡೆಮಿಯಾಲಜಿ ಕಲಿಸಲು 1919ರಲ್ಲಿ ಬಂದವರು ಈ ಫ್ರಾಸ್ಟ್. ಎಲ್ಲಿಂದ ಬಂದರು? ಸರ್ಕಾರದ ಪಬ್ಲಿಕ್ ಹೆಲ್ತ್ ಸರ್ವಿಸ್‌ನಿಂದ. ಪೋಲಿಯೊ, ನದಿ ನೀರಿನ ಕೊಳೆ, 1918ರ ಇನ್‌ಫ್ಲುಯೆಂಜಾ, ಇವುಗಳ ಹಿಂದೆ ಓಡಾಡಿದ ಮನುಷ್ಯ. ಈ ದೇಶದಲ್ಲಿ ಎಪಿಡೆಮಿಯಾಲಜಿಯ ಮೊದಲ ಪ್ರೊಫೆಸರ್ ಆದರು. "ಅವರೂ ಗ್ಯಾಪ್ ಇದ್ದವರೇ" ಅಂದೆ. ಹಿರಿಯರು ನಕ್ಕರು, ಆದರೆ ಹೆಸರು ಪಟ್ಟಿಯಲ್ಲಿ ಉಳಿಯಿತು.

ಆಕೆಯ ಕೆಲಸ ಯಾವುದರ ಮೇಲೆ ಗೊತ್ತಾ? ಉಣುಗಿನ ಮೇಲೆ. ಇಲ್ಲಿ ಉಣುಗಿನಿಂದ ಲೈಮ್ ಅಂತ ಒಂದು ರೋಗ ಬರುತ್ತದೆ, ಲೈಮ್ ಅನ್ನುವುದು ಕನೆಕ್ಟಿಕಟ್‌ನ ಒಂದು ಊರು. 1975ರ ಹೊತ್ತಿಗೆ ಆ ಕಡೆಯ ಮಕ್ಕಳಿಗೆ ಮಂಡಿ ಊತ ಬರುತ್ತಿತ್ತು. ಡಾಕ್ಟರುಗಳು ಸಂಧಿವಾತ ಅನ್ನುತ್ತಿದ್ದರು. ಒಂದೇ ರಸ್ತೆಯಲ್ಲಿ ಇಷ್ಟು ಮಕ್ಕಳಿಗೆ ಸಂಧಿವಾತ ಹೇಗೆ ಬರುತ್ತದೆ ಅಂತ ಪಟ್ಟು ಹಿಡಿದು ಕೇಳಿದವರು ತಾಯಂದಿರು. ಜಾಬ್ ಟಾಕ್ ಅಲ್ಲಿಂದಲೇ ಶುರುವಾಯಿತು. ಹತ್ತು ನಿಮಿಷ ಆದಮೇಲೆ ಒಂದು ಮ್ಯಾಪ್ ಬಂತು. ಅದರಲ್ಲಿ ನಮ್ಮ ಜಿಲ್ಲೆ! "ಕಾಯಸನೂರ್, 1957" ಅಂದರು. ಉಣುಗಿನಿಂದಲೇ ಹರಡುವ ನಮ್ಮ ಮಂಗನ ಕಾಯಿಲೆ ಮೊದಲು ಕಂಡ ಜಾಗ, ವರ್ಷ. ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ.

ರಾತ್ರಿ ಊಟಕ್ಕೆ ಪಕ್ಕದಲ್ಲೇ ಕೂತು "ಅದು ಕ್ಯಾಸನೂರು, ಸೊರಬ ತಾಲ್ಲೂಕು, ನಮ್ಮ ಪಕ್ಕದ್ದೇ" ಅಂದೆ. ಆಮೇಲೆ ಇಂಟರ್‌ವ್ಯೂ ಮರೆತೇಹೋಯಿತು. ಮಂಗ ಸತ್ತದ್ದನ್ನು ಕಂಡು ಅರಿಶಿನ ಜ್ವರ ಬಂತೇನೋ ಅಂತ ವಿಜ್ಞಾನಿಗಳು ಹೆದರಿದ್ದು ಆಕೆಗೆ ಗೊತ್ತಿತ್ತು. ಪುಣೆಯ ವೈರಸ್ ಲ್ಯಾಬೂ ರಾಕ್‌ಫೆಲರ್ ಸಹಾಯದಿಂದಲೇ 1952ರಲ್ಲಿ ಶುರುವಾದದ್ದು ಅಂತ ಆಕೆಯೇ ಹೇಳಿದರು. ನಾನು 2019ರಲ್ಲಿ ಅರಳಗೋಡಿನಲ್ಲಿ ಮಂಗನ ಕಾಯಿಲೆ ಹರಡಿದ ವಿಷಯ ಹೇಳಿದೆ. ನಿವೃತ್ತಿ ಹತ್ತಿರ ಬಂದಿದ್ದರೂ ನೀವು ಬೆಳಗ್ಗೆ ಐದಕ್ಕೆ ಎದ್ದು ಉಣುಗು ಕಚ್ಚದ ಹಾಗೆ ಮೈಗೆ ಹಚ್ಚುವ ಡಿಎಂಪಿ ಎಣ್ಣೆ ಬಾಟಲಿ ಹಂಚಲು ಹೋಗುತ್ತಿದ್ದದ್ದನ್ನೂ ಹೇಳಿದೆ. ಹಿರಿಯರು ಆಕಡೆಯಿಂದ ನೋಡುತ್ತಲೇ ಇದ್ದರು, ಇವಳು ಒಬ್ಬರ ಕಡೆಗೆ ವಾಲಿದಳು ಅಂತ. ವಾಲಿದ್ದು ನಿಜವೇ.

ಆದರೆ ಅಪ್ಪಯ್ಯ, ಕೊನೆಯ ಮೀಟಿಂಗಿನಲ್ಲಿ ಜಾಸ್ತಿ ಮಾತಾಡಿದ್ದು ಪಾಠದ ಬಗ್ಗೆಯೂ ಅಲ್ಲ, ಉಣುಗಿನ ಬಗ್ಗೆಯೂ ಅಲ್ಲ. ದುಡ್ಡಿನ ಬಗ್ಗೆ. ಇಲ್ಲಿ ಸಾರ್ವಜನಿಕ ಆರೋಗ್ಯದ ಎಷ್ಟೋ ಕಾಲೇಜುಗಳಲ್ಲಿ ಪ್ರೊಫೆಸರ್ ತನ್ನ ಸಂಬಳದ ಒಂದು ದೊಡ್ಡ ಪಾಲನ್ನು ತಾನೇ ಗ್ರಾಂಟ್‌ಗೆ (ಸಂಶೋಧನೆಯ ಅನುದಾನಕ್ಕೆ) ಅರ್ಜಿ ಬರೆದು ತರಬೇಕು. ಬಹಳಷ್ಟು ದುಡ್ಡು ಬರುವುದು ಎನ್‌ಐಎಚ್ ಅನ್ನುವ ಸರ್ಕಾರಿ ಸಂಸ್ಥೆಯಿಂದ. ತೋಟ ಯೂನಿವರ್ಸಿಟಿಯದು, ಮಳೆ ವಾಷಿಂಗ್ಟನ್ನಿನದು, ದುಡಿಯುವವರು ನಾವು. ಹಾಗಾಗಿ "ಇವರು ಒಳ್ಳೆ ಮೇಷ್ಟ್ರಾ?" ಅನ್ನುವ ಪ್ರಶ್ನೆ ತಿರುಗಿ ತಿರುಗಿ "ಇವರು ಮೂರು ವರ್ಷದಲ್ಲಿ ಗ್ರಾಂಟ್ ತರುತ್ತಾರಾ?" ಅಂತಲೇ ಆಗುತ್ತದೆ. ನನ್ನನ್ನು ಆರಿಸುವಾಗಲೂ ಇದನ್ನೇ ಮಾತಾಡಿರುತ್ತಾರೆ, ಈಗ ಗೊತ್ತಾಯಿತು.

ಆಕೆ ಎರಡನೆಯವರಾದರು. ಮೊದಲನೆಯವರಿಗೆ ಆಫರ್ ಹೋಯಿತು. ಅವರು ಅದನ್ನು ತೋರಿಸಿ ತಾವು ಈಗ ಇರುವ ಕಡೆಯೇ ಸಂಬಳ ಏರಿಸಿಕೊಂಡು ಉಳಿದರು. ಇದು ಇಲ್ಲಿ ಮಾಮೂಲು. ಸರಿ, ಇನ್ನು ಆಕೆಗೇ ಅಂತ ನಾನು ಒಳಗೊಳಗೇ ಖುಷಿಪಟ್ಟೆ.

ಅಷ್ಟರಲ್ಲಿ ಮಳೆಯೇ ಕೈಕೊಟ್ಟಿತು. ಗ್ರಾಂಟಿನ ಮೇಲೆ ಕಟ್ಟಡ, ಕರೆಂಟು, ಲೆಕ್ಕಪತ್ರದ ಖರ್ಚಿಗೆ ಅಂತ ಎನ್‌ಐಎಚ್ ಯೂನಿವರ್ಸಿಟಿಗೆ ಬೇರೆ ದುಡ್ಡು ಕೊಡುತ್ತದೆ. ಅನೇಕ ಕಡೆ ನೂರಕ್ಕೆ ಐವತ್ತರ ಮೇಲೆ. ಫೆಬ್ರವರಿ 7ರಂದು ಅದನ್ನು ಎಲ್ಲರಿಗೂ ಶೇ 15ಕ್ಕೆ ಇಳಿಸುತ್ತೇವೆ ಅಂದರು. ಕೋರ್ಟು ಸದ್ಯಕ್ಕೆ ತಡೆದಿದೆ. ಆದರೂ ದೊಡ್ಡ ದೊಡ್ಡ ಯೂನಿವರ್ಸಿಟಿಗಳು ಹೊಸ ನೇಮಕ ನಿಲ್ಲಿಸಿವೆ. ಫ್ರಾಸ್ಟ್ ಇದ್ದ ಹಾಪ್ಕಿನ್ಸ್ ಈ ಗುರುವಾರ, ಯುಎಸ್‌ಏಡ್ (ಬೇರೆ ದೇಶಗಳಿಗೆ ನೆರವು ಕೊಡುವ ಸರ್ಕಾರಿ ಸಂಸ್ಥೆ) ದುಡ್ಡು ನಿಂತದ್ದರಿಂದ, 2,000ಕ್ಕೂ ಜಾಸ್ತಿ ಕೆಲಸ ತೆಗೆಯುತ್ತಿದ್ದೇನೆ ಎಂದು ಹೇಳಿದೆ. ಅವುಗಳಲ್ಲಿ ಬಹಳಷ್ಟು ಬೇರೆ ದೇಶಗಳಲ್ಲಿರುವವು. ಮೊನ್ನೆ ಶುಕ್ರವಾರ ನಮಗೂ ಮೇಲ್ ಬಂತು. ಸಹಿ ಆಗದ ಆಫರುಗಳೆಲ್ಲ ಸದ್ಯಕ್ಕೆ ನಿಂತಿವೆ.

ಇದನ್ನು ಆಕೆಗೆ ನಾನು ಹೇಳುವ ಹಾಗಿಲ್ಲ. ಡೀನ್ ಆಫೀಸಿನವರೇ ಹೇಳಬೇಕು. ಅವರು ಇನ್ನೂ ಹೇಳಿಲ್ಲ. ನೇಮಕದ ಕಥೆ ಕೇಳದೇ ಇದ್ದಿದ್ದರೆ ಚೆನ್ನಾಗಿತ್ತು ಅನಿಸಿತಾ? ನನಗೂ ಹಾಗೇ ಅನಿಸಿದೆ.

ನನ್ನ ಕೆಲಸಕ್ಕೆ ಈಗಲೇ ತೊಂದರೆ ಇಲ್ಲ. ಗ್ರಾಂಟ್ ಇನ್ನೂ ಎರಡು ವರ್ಷ ಇದೆ. ಅಮ್ಮ, ರಾತ್ರಿ ನಿದ್ದೆಗೆಡಬೇಡ. ಮುಂದಿನ ವರ್ಷ ಸಾಗರದ ಮಾರಿಜಾತ್ರೆಗೆ ಬಂದೇ ಬರುತ್ತೇನೆ.

ಅಪ್ಪಯ್ಯ, ನಿನ್ನೆ ಆಕೆಯಿಂದ ಒಂದು ಮೇಲ್ ಬಂತು. ಕೆಲಸ ಏನಾಯಿತು ಅಂತ ಒಂದು ಅಕ್ಷರವೂ ಕೇಳಿಲ್ಲ. ಕೇಳಿದ್ದು ಇಷ್ಟು: ನಿಮ್ಮ ಅಪ್ಪ ಹಂಚಿದ ಎಣ್ಣೆಯನ್ನು ಜನ ನಿಜವಾಗಿಯೂ ಹಚ್ಚಿಕೊಳ್ಳುತ್ತಿದ್ದರಾ? ಬೆವರಿದರೆ ಎಷ್ಟು ಹೊತ್ತು ನಿಲ್ಲುತ್ತಿತ್ತು? ಸೊಪ್ಪಿಗೆ, ದರಕಿಗೆ (ಒಣ ಎಲೆಗೆ) ಕಾಡಿಗೆ ಹೋಗುವ ಹೆಂಗಸರು ಹಚ್ಚಿಕೊಂಡರಾ, ಗಂಡಸರಾ? ನನಗೆ ಉತ್ತರ ಗೊತ್ತಿಲ್ಲ. ನಿಮ್ಮ ಹಳೆಯ ಡೈರಿ ಅಟ್ಟದ ಮೇಲಿನ ಟ್ರಂಕಿನಲ್ಲಿ ಇರಬೇಕು, ಗೆದ್ದಲು ತಿಂದಿಲ್ಲದಿದ್ದರೆ. ಆ ವರ್ಷದ ಪುಟಗಳ ಫೋಟೊ ತೆಗೆದು ತಮ್ಮನ ಕೈಲಿ ವಾಟ್ಸ್ಯಾಪ್ ಮಾಡಿಸಿ. ಅಕ್ಷರ ಚೆನ್ನಾಗಿಲ್ಲ ಅಂತ ಸಂಕೋಚ ಬೇಡ, ನಾನು ಓದಿ ಹೇಳುತ್ತೇನೆ.

ನಿಮ್ಮ
ಪುಟ್ಟಿ