ಎಂಟನೆಯ ತರಗತಿಯ ಬೆಂಚುಗಳ ಕುರಿತು ಪಾಲಕರಿಗೆ ಪತ್ರ

ಯಾದಗಿರಿ ಜಿಲ್ಲೆ

ಮಾನ್ಯ ಪಾಲಕ-ಪೋಷಕರೇ,

ನಮಸ್ಕಾರಗಳು. ಎಂಟನೆಯ ತರಗತಿಯಲ್ಲಿ ಮಕ್ಕಳನ್ನು ಅಂಕಗಳ ಕ್ರಮದಲ್ಲಿ ಕೂರಿಸುವುದನ್ನು ನಿಲ್ಲಿಸಿ, ವಾರಕ್ಕೊಮ್ಮೆ ಬೆಂಚು ಬದಲಿಸುವ ನಿಯಮ ತಂದುದಕ್ಕೆ ತಮ್ಮಲ್ಲಿ ಕೆಲವರು ಬೇಸರಗೊಂಡು ಕಚೇರಿಗೆ ಬಂದಿದ್ದಿರಿ. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ನಮ್ಮ ಜಿಲ್ಲೆ ಶೇ 50.59ರೊಂದಿಗೆ ರಾಜ್ಯದಲ್ಲೇ ಕೊನೆಗುಳಿದುದನ್ನು ನೆನಪಿಸಿ, ಇಂಥ ಹೊತ್ತಿನಲ್ಲಿ ಓದುವವರನ್ನು ಓದದವರ ಪಕ್ಕ ಕೂರಿಸುವುದು ಸರಿಯೇ ಎಂದು ಕೇಳಿದಿರಿ. ಆ ಚಿಂತೆ ನನಗೂ ಇದೆ. ನಿಯಮ ಹುಟ್ಟಿದ್ದೂ ಅದರಿಂದಲೇ.

ಹಿಂದಿನ ಬೆಂಚುಗಳ ಮಕ್ಕಳ ಹಾಜರಿ ಪುಸ್ತಕವನ್ನು ತೆರೆದು ನೋಡಿದಾಗ, ಅವರಲ್ಲಿ ಹೆಚ್ಚಿನವರು ದೀಪಾವಳಿಯ ನಂತರ ಹತ್ತಿ ಬಿಡಿಸಲು ಹೋಗಿ ವಾರಗಟ್ಟಲೆ ಪಾಠ ತಪ್ಪಿಸಿಕೊಂಡವರು, ಇಲ್ಲವೇ ತಂದೆತಾಯಿ ಬೆಂಗಳೂರಿಗೆ ದುಡಿಯಲು ಹೋದಾಗ ಅಜ್ಜಿಯ ಬಳಿ ಉಳಿದವರು ಎಂಬುದು ಕಂಡುಬಂತು. ನಾವು ಅಂಕಗಳ ಸಾಲು ಎಂದುಕೊಂಡಿದ್ದುದು ಹಾಜರಿಯ ಸಾಲಾಗಿತ್ತು. ಶಿಕ್ಷಕರಾದ ನಾವೂ, ಒಪ್ಪಿಕೊಳ್ಳಲೇಬೇಕು, ಪ್ರಶ್ನೆಗಳನ್ನು ಮುಂದಿನ ಎರಡು ಬೆಂಚುಗಳಿಗಷ್ಟೇ ಕೇಳುತ್ತಿದ್ದೆವು. ತನ್ನಿಂದ ಯಾರೂ ಉತ್ತರ ಬಯಸುವುದಿಲ್ಲ ಎಂದು ತಿಳಿದ ಮಗು ಗದ್ದಲಕ್ಕಿಳಿಯುತ್ತದೆ, ಇಲ್ಲವೇ ಬಾಯಿ ಮುಚ್ಚಿ ಕೂರುತ್ತದೆ. ಅದೇ ಮಗು ಮನೆಯಲ್ಲಿಯೂ 'ಇವನ ಹಣ್ಯಾಗ ವಿದ್ಯಾ ಬರದಿಲ್ಲ' ಎಂಬ ಮಾತನ್ನೇ ಕೇಳುತ್ತಿದ್ದರೆ ಪುಸ್ತಕ ಬಿಚ್ಚುವ ಮನಸ್ಸು ಎಲ್ಲಿಂದ ಬರಬೇಕು?

ಇದರಿಂದ ತಮ್ಮ ಮಕ್ಕಳಿಗೆ ನಷ್ಟವಿಲ್ಲ. ಕಚೇರಿಯಲ್ಲಿ ಹೇಳಿದ್ದನ್ನೇ ಮತ್ತೆ ಬರೆಯುತ್ತಿದ್ದೇನೆ, ಬೇಸರಿಸಬೇಡಿ: ಚೆನ್ನಾಗಿ ಓದುವ ಮಗುವಿನ ಓದು ಪಕ್ಕದವರಿಂದ ಸವೆದುಹೋಗುವುದಿಲ್ಲ. ಪಕ್ಕದ ಗೆಳತಿಗೆ ಬೀಜಗಣಿತದ ಲೆಕ್ಕ ಬಿಡಿಸಿ ತೋರಿಸಲು ಹೊರಟ ಹುಡುಗಿಗೆ, ಯಾವ ಹಂತವನ್ನು ತಾನೇ ಬಾಯಿಪಾಠ ಮಾಡಿದ್ದೆನೆಂಬುದು ಆಗಲೇ ಗೊತ್ತಾಗುವುದನ್ನು ನಮ್ಮ ಗಣಿತ ಶಿಕ್ಷಕರು ದಿನವೂ ಕಾಣುತ್ತಿದ್ದಾರೆ. ಆದರೂ ತಾಯಿತಂದೆಯರ ಕಳವಳ ಸಣ್ಣದಲ್ಲವೆಂದು ಬಲ್ಲೆ. ಕಪ್ಪುಹಲಗೆ ಸರಿಯಾಗಿ ಕಾಣದ ಮಕ್ಕಳು ಮೊದಲಿನಂತೆ ಮುಂದೆಯೇ ಕೂರುತ್ತಾರೆ. ಜೊತೆಗಾರರಿಂದ ನಿಜಕ್ಕೂ ತೊಂದರೆಯಾದರೆ ತರಗತಿ ಶಿಕ್ಷಕರಿಗೆ ತಿಳಿಸಿ, ಜೋಡಿ ಬದಲಿಸೋಣ. ಹಳೆಯ ಸಾಲನ್ನು ಮಾತ್ರ ಮತ್ತೆ ತರುವುದಿಲ್ಲ.

'ಎರಡೇಟು ಹಾಕಿದರೆ ತಾವೇ ಓದುತ್ತಾರೆ' ಎಂದ ಹಿರಿಯರಿಗೂ ಒಂದು ಮಾತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಕಡಿಮೆ ಅಂಕದವರೆಂದು ವರ್ಷಪೂರ್ತಿ ಹಿಂದೆ ಕೂರಿಸುವುದು ಇದರಲ್ಲಿ ಯಾವುದಕ್ಕೆ ಸೇರುತ್ತದೆಂದು ತಾವೇ ಯೋಚಿಸಿ.

ಅಂಕಪಟ್ಟಿಗೆ ಸಹಿ ಹಾಕಲು ಬಂದಾಗ, ಮಗುವಿನ ಎದುರಿಗೆ ಬೇರೆಯವರ ಮಕ್ಕಳ ಅಂಕಗಳನ್ನು ದಯವಿಟ್ಟು ಕೇಳಬೇಡಿ.

ತಮ್ಮ ವಿಶ್ವಾಸಿ,
ಮುಖ್ಯಗುರುಗಳು