‘ರ‍್ಯಾಬಿಡ್’ ಅಂದ್ರೆ ‘ತುಂಬಾ’ ಅಂತ ಅಲ್ಲ

ಸಂಪಾದಕರಿಗೆ ನಮಸ್ಕಾರ,

ಇತ್ತೀಚೆಗೆ ‘ರ‍್ಯಾಬಿಡ್’ ಅನ್ನೋ ಇಂಗ್ಲಿಷ್ ಪದ ಕನ್ನಡ ಬರಹದೊಳಗೂ ಹಾಗೇ ಬಂದು ಕೂತಿದೆ, ರ‍್ಯಾಬಿಡ್ ಫ್ಯಾನ್ಸು, ರ‍್ಯಾಬಿಡ್ ಬೆಂಬಲಿಗರು ಅಂತ, ಬರೆದವರು ಅದನ್ನ ‘ತುಂಬಾ’, ‘ಅಪಾರ’ ಅನ್ನೋ ಲೆಕ್ಕದಲ್ಲಿ ಬಳಸ್ತಿದಾರೆ ಅಂತ ಓದಿದ ಕೂಡ್ಲೆ ಗೊತ್ತಾಗುತ್ತೆ.

ಮೊನ್ನೆ ನಮ್ಮಕ್ಕನ ಮಗಳು ಕೆಲಸದ ಅರ್ಜಿ ಬರೆದು ಒಂದ್ಸಲ ನೋಡಿಕೊಡಿ ಮಾಮ ಅಂತ ಕಳಿಸಿದ್ಲು. ಮೊದಲ್ನೇ ಸಾಲೇ ‘ನಾನು ರ‍್ಯಾಬಿಡ್ ರೀಡರ್’. ಅವಳು ಬರೀಬೇಕಾಗಿದ್ದಿದ್ದು ‘ಆ್ಯವಿಡ್’. ಎಷ್ಟು ಓದಿದ್ರೂ ಸಾಲದು ಅನ್ನೋ ಆಸೆಗೆ ಆ್ಯವಿಡ್ ಅಂತಾರೆ, ಅದು ಹೊಗಳಿಕೆ. ಯಾಕಮ್ಮ ಹೀಗೆ ಬರೆದೆ ಅಂದ್ರೆ, ಪೇಪರಲ್ಲಿ ಹಾಗೇ ಬರುತ್ತಲ್ಲ ಮಾಮ ಅಂದ್ಲು. ಅದಕ್ಕೇ ಈ ಪತ್ರ.

ಲ್ಯಾಟಿನ್‌ನಲ್ಲಿ ‘ರಬೆರೆ’ ಅಂದ್ರೆ ಕೆರಳಿ ಹುಚ್ಚೆದ್ದು ಹೋಗೋದು, ಅದೇ ಬೇರಿಂದ ರ‍್ಯಾಬಿಡ್ ಬಂತು, ಹುಚ್ಚುನಾಯಿ ರೋಗಕ್ಕೆ ಹೇಳೋ ‘ರೇಬೀಸ್’ ಬಂತು, ಸಿಟ್ಟಿಗೆ ಹೇಳೋ ‘ರೇಜ್’ ಕೂಡ ಅಲ್ಲಿಂದಲೇ ಫ್ರೆಂಚ್ ದಾಟಿ ಬಂತು. 17ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂದಾಗ ರ‍್ಯಾಬಿಡ್ ಅಂದ್ರೆ ರೋಷದಿಂದ ಕುದಿಯೋದು ಅಂತಿತ್ತು, ರೋಗದ ಅರ್ಥ ಅಂಟಿಕೊಂಡಿದ್ದು ಆಮೇಲೆ. ಈಗ ಆ ಪದ ಕೇಳಿದ್ರೆ ಕಣ್ಮುಂದೆ ಬರೋದು ಹುಚ್ಚುನಾಯಿನೇ, ಬಾಯಲ್ಲಿ ಜೊಲ್ಲು ಸುರಿಸ್ಕೊಂಡು, ದಿನಾ ಅನ್ನ ಹಾಕಿದ ಕೈ ಯಾವುದು ಅಂತಾನೂ ಗುರುತು ಸಿಗದೆ ಕಚ್ಚೋ ನಾಯಿ. ಒಬ್ಬ ಮನುಷ್ಯನಿಗೆ ಈ ವಿಶೇಷಣ ಹಾಕಿದ್ರೆ ಅವನ ತಲೆಗೆ ಯಾವ ಮಾತೂ ಇಳಿಯಲ್ಲ, ಎದುರಿಗಿರೋರು ಯಾರಾದ್ರೂ ಸರಿ ಮೇಲೆ ಬೀಳ್ತಾನೆ ಅಂತ ತೀರ್ಪು ಕೊಟ್ಟ ಹಾಗೆ.

ಇದಕ್ಕೆ ಕನ್ನಡದಲ್ಲಿ ‘ಹುಚ್ಚು’ ಅಂತ ಹಾಕಿದ್ರೂ ಸರಿಹೋಗಲ್ಲ. ನಮ್ಮಲ್ಲಿ ಓದಿನ ಹುಚ್ಚು, ನಾಟಕದ ಹುಚ್ಚು ಅಂತ ಪ್ರೀತಿಯಿಂದಾನೇ ಹೇಳ್ತೀವಿ. ‘ಮತಾಂಧ’ ಧರ್ಮದ ವಿಷಯಕ್ಕೆ ಮಾತ್ರ ಸರಿ. ಅಭಿಮಾನದ ವಿಷಯದಲ್ಲಾದ್ರೆ ‘ಅಂಧಾಭಿಮಾನಿ’ ಹತ್ತಿರ ಬರುತ್ತೆ, ಆದ್ರೆ ಅದರಲ್ಲಿ ಕುರುಡುತನ ಇದೆಯೇ ಹೊರತು ಕಚ್ಚೋ ಗುಣ ಇಲ್ಲ. ಬರೀ ನಿಷ್ಠೆ ಹೇಳೋದಾದ್ರೆ ‘ಕಟ್ಟಾ’ ಅನ್ನೋ ಒಳ್ಳೇ ಪದ ಇದ್ದೇ ಇದೆ, ಕಟ್ಟಾ ಅಭಿಮಾನಿ, ಕಟ್ಟಾ ಬೆಂಬಲಿಗ.

ನನಗೆ ನಿಜವಾಗ್ಲೂ ನೋವಾಗೋದು ಒಂದೇ ವರದಿಯಲ್ಲಿ ಒಂದು ಕಡೆಯವರು ‘ಕಟ್ಟಾ ಬೆಂಬಲಿಗರು’, ಇನ್ನೊಂದು ಕಡೆಯವರು ‘ರ‍್ಯಾಬಿಡ್ ಬೆಂಬಲಿಗರು’ ಅಂತ ಬಂದಾಗ, ಇಬ್ಬರೂ ಮಾಡಿದ್ದು ಒಂದೇ, ಘೋಷಣೆ ಕೂಗಿದ್ದು. ಒಂದು ಪದದಲ್ಲೇ ವರದಿಗಾರರು ಒಬ್ಬರನ್ನ ಮನುಷ್ಯರ ಸಾಲಿಂದ ಆಚೆಗಿಟ್ರು, ಅಂಥೋರ ಜೊತೆ ಮತ್ತೆ ಮಾತಾಡೋಕೆ ಯಾರು ಮುಂದೆ ಬರ್ತಾರೆ ಹೇಳಿ. ಕಲ್ಲು ಹೊಡೆದಿದ್ರೆ ಕಲ್ಲು ಹೊಡೆದ್ರು ಅಂತಾನೇ ಬರೀರಿ, ಬೆದರಿಕೆ ಹಾಕಿದ್ರೆ ಯಾರಿಗೆ ಏನಂತ ಹಾಕಿದ್ರು ಅಂತ ಬರೀರಿ, ಅವರು ಎಂಥವರು ಅನ್ನೋದನ್ನ ಓದುಗರು ನೋಡ್ಕೋತಾರೆ. ನಿಮ್ಮ ಡೆಸ್ಕಿನವರಿಗೆ ಇಷ್ಟು ಹೇಳಿದ್ರೆ ಸಾಕು.

ಇಂತಿ,
ನಿಮ್ಮ ಪತ್ರಿಕೆಯ ಓದುಗ