ಎಲ್ಲ ಕಾಟವೂ ವೈರಸ್ ಅಲ್ಲ

ಮಾನ್ಯ ಸಂಪಾದಕರೇ,

ಕಂಪ್ಯೂಟರ್ ನಿಧಾನವಾದರೂ ವೈರಸ್, ಫೋನ್ ಬಿಸಿಯಾದರೂ ವೈರಸ್ ಅನ್ನುವುದು ರೂಢಿಯಾಗಿದೆ. ಜೀವಲೋಕದ ವೈರಸ್ ತಾನಾಗಿ ಬೆಳೆಯಲಾರದು. ಜೀವಕೋಶದೊಳಗೆ ಹೊಕ್ಕು, ಅದರಿಂದಲೇ ತನ್ನ ನಕಲು ಮಾಡಿಸಿಕೊಳ್ಳುತ್ತದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ವೈರಸ್ ಕೂಡ ಹೀಗೇ. ಕಂಪ್ಯೂಟರ್ ವೈರಸ್ಸೂ ಇನ್ನೊಂದು ಪ್ರೋಗ್ರಾಂಗೆ ಅಂಟಿಕೊಂಡೇ ಹರಡುತ್ತದೆ.

ಆದರೆ 2017ರಲ್ಲಿ ಕಂಪ್ಯೂಟರ್‌ಗಳ ಫೈಲ್‌ಗಳಿಗೆ ಬೀಗ ಜಡಿದು ಹಣ ಕೇಳಿದ ವನ್ನಾಕ್ರೈ ಎಂಬ ಪ್ರೋಗ್ರಾಂಗೆ ಅಂಥ ಆಸರೆ ಬೇಕಿರಲಿಲ್ಲ. ನೆಟ್‌ವರ್ಕ್‌ನಲ್ಲಿ ತಾನೇ ಹರಿದಾಡಿತು. ಅದು ವರ್ಮ್. ಸುದ್ದಿಯಲ್ಲಿ ಮಾತ್ರ ಅದೂ ವೈರಸ್ಸೇ! ಇದು ಸುಮ್ನೆ ಹೆಸರಿನ ಜಗಳವಲ್ಲ. ಗುರುತಿಲ್ಲದ ಫೈಲ್ ತೆರೆಯದಿದ್ದವರೂ ವರ್ಮ್‌ಗೆ ಸಿಕ್ಕಿಬೀಳಬಹುದು. ಅದಕ್ಕೇ ಕಂಪ್ಯೂಟರ್‌ಗೆ ಅಪ್‌ಡೇಟ್ ಹಾಕಲೇಬೇಕು. ವನ್ನಾಕ್ರೈ ನುಸುಳಿದ ಕಿಂಡಿಯನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಎರಡು ತಿಂಗಳು ಮೊದಲೇ ಕೊಟ್ಟಿತ್ತು. ಹಾಕಿಕೊಳ್ಳದವರೇ ಜಾಸ್ತಿ ಪೆಟ್ಟು ತಿಂದರು. ಇಂಥ ಸುದ್ದಿ ಬರೆಯುವಾಗ ಯಾವುದು ಯಾವುದೆಂದು ಒಂದು ಸಾಲಿನಲ್ಲಾದರೂ ತಿಳಿಸಬಾರದೇ?

– ಒಬ್ಬ ಓದುಗ, ಸಾಗರ